ಗ್ಯಾರೇಜಿನ ಹಳೇ ಪತ್ರಾ: ಇಳಿಸೋದು ಹೇಗೆ, ಒಗೆಯೋದು ಎಲ್ಲಿ?

ತಿಮ್ಮಾಪುರ: ಕಬ್ಬಿನ ಹಂಗಾಮು ಮುಗಿಯಿತೆಂದರೆ ಮುಧೋಳ ಸೀಮೆಯ ಟ್ರ್ಯಾಕ್ಟರ್ ಗ್ಯಾರೇಜುಗಳಿಗೆ ಎರಡು ಕೆಲಸ. ಒಂದು, ತಿಂಗಳುಗಟ್ಟಲೆ ಹೇರು ಹೊತ್ತು ಸೊರಗಿದ ಟ್ರೇಲರುಗಳ ದುರಸ್ತಿ. ಇನ್ನೊಂದು, ಮಳೆಗಾಲ ಬರುವ ಮೊದಲು ತಮ್ಮ ತಲೆಯ ಮೇಲಿನ ಸೂರಿನ ದುರಸ್ತಿ. ಮೊದಲನೆಯದನ್ನು ಮಿಸ್ತ್ರಿಗಳು ಕಣ್ಣು ಮುಚ್ಚಿ ಮಾಡಬಲ್ಲರು. ಎರಡನೆಯದನ್ನು ಮಾತ್ರ ಕಣ್ಣು ಮುಚ್ಚಿ ಮಾಡಬಾರದು. ಈ ಬರಹ ಅದರ ಸಲುವಾಗಿಯೇ.

ಹಳೇ ಸಿಮೆಂಟ್ ಪತ್ರಾ ಇಳಿಸುವುದನ್ನು ಯಾರು ನೋಡಿಲ್ಲ? ಇಬ್ಬರು ಆಳು ಮೇಲೆ ಹತ್ತುತ್ತಾರೆ. ತುಕ್ಕು ಹಿಡಿದ ಬೋಲ್ಟು ಬಿಚ್ಚಲು ಬರುವುದಿಲ್ಲ. ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟರೆ ಪತ್ರಾ ಒಡೆದು ಕೆಳಗೆ ಬೀಳುತ್ತದೆ. ಬೂದು ಬಣ್ಣದ ಧೂಳು ಏಳುತ್ತದೆ. ಕೆಳಗಿದ್ದವ ತಲೆಗೆ ಸುತ್ತಿದ ಟವೆಲ್ಲನ್ನೇ ಮೂಗಿಗೆ ಕಟ್ಟಿಕೊಂಡು ಚೂರುಗಳನ್ನು ಬುಟ್ಟಿಗೆ ತುಂಬುತ್ತಾನೆ. ಸಂಜೆಗೆ ಹೆಣ್ಣಾಳು ಬಂದು ಕಸಬರಿಗೆಯಿಂದ ನೆಲ ಗುಡಿಸುತ್ತಾಳೆ. ಚೂರು ರಸ್ತೆಯ ತಗ್ಗಿಗೋ, ಹಳ್ಳದ ದಂಡೆಗೋ ಹೋಗಿ ಬೀಳುತ್ತದೆ. ಅರ್ಧ ದಿನದಲ್ಲಿ ಎಲ್ಲ ಮುಗಿದೇ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಆ ಧೂಳಿನ ಲೆಕ್ಕ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷದ ನಂತರ ಚುಕ್ತಾ ಆಗುತ್ತದೆ. ಚುಕ್ತಾ ಮಾಡುವವನು ಗ್ಯಾರೇಜಿನ ಮಾಲಕನಾಗಿರಲಿಕ್ಕಿಲ್ಲ. ಬುಟ್ಟಿ ಹೊತ್ತವ, ನೆಲ ಗುಡಿಸಿದವಳು, ಪಕ್ಕದಲ್ಲಿ ಪಾನಾ ಹಿಡಿದು ನಿಂತಿದ್ದ ಹದಿನಾರರ ಹುಡುಗ, ಇವರಲ್ಲಿ ಯಾರಾದರೂ ಇರಬಹುದು.

ಕಲ್ಲಿನ ನಾರು

ಹಳ್ಳಿಯವರು ಸಿಮೆಂಟ್ ಪತ್ರಾ ಅನ್ನುವ ಈ ಅಲೆಅಲೆಯ ಹಲಗೆಗೆ ಪುಸ್ತಕದಲ್ಲಿ ಕಲ್ನಾರು ಹಲಗೆ ಎಂದು ಹೆಸರು. ಕಲ್ನಾರು ಎಂದರೆ ಕಲ್ಲಿನಿಂದ ಬರುವ ನಾರು, ಅಂದರೆ ಆಸ್ಬೆಸ್ಟಾಸ್. ಭೂಮಿಯಿಂದ ತೆಗೆದ ಈ ಕಲ್ಲನ್ನು ಬಿಡಿಸಿದರೆ ಹತ್ತಿಯ ಎಳೆಯಂತೆ ಎಳೆ ಎಳೆಯಾಗಿ ಬರುತ್ತದೆ. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ, ಜಗ್ಗಿದರೆ ಬೇಗ ಹರಿಯುವುದಿಲ್ಲ. 1900ರ ಸುಮಾರಿಗೆ ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ ಎಂಬಾತ ಈ ನಾರನ್ನು ಸಿಮೆಂಟಿನೊಂದಿಗೆ ಕಲೆಸಿ ತೆಳು ಹಲಗೆ ಮಾಡುವ ರೀತಿ ಕಂಡುಹಿಡಿದ. ಅಲ್ಲಿಂದ ಅದು ಜಗತ್ತಿನ ಬಡವರ ಸೂರಾಯಿತು.

ನಮ್ಮಲ್ಲಿ ಅದು ಯಾಕೆ ಹಿಡಿಸಿತು ಎಂಬುದನ್ನೂ ಹೇಳಬೇಕು. ಮುಧೋಳ, ಜಮಖಂಡಿ, ಬೀಳಗಿ ಸೀಮೆಯ ಏಪ್ರಿಲ್-ಮೇ ಬಿಸಿಲು ಗೊತ್ತಿದ್ದದ್ದೇ. ತಗಡಿನ ಕೆಳಗೆ ಕುಂತರೆ ತಲೆ ಕಾದ ಹಂಚಾಗುತ್ತದೆ. ಸಿಮೆಂಟ್ ಪತ್ರಾ ಅಷ್ಟು ಕಾಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಮಳೆ ಬಿದ್ದರೆ ತಗಡಿನಂತೆ ಡಬಡಬ ಸಪ್ಪಳವಿಲ್ಲ, ರೊಕ್ಕವೂ ಕಮ್ಮಿ. ಮೇಲ್ಮುದ್ದಿ ಮನೆಗೆ ವರ್ಷಾ ಮಣ್ಣು ಹಾಕಿ ಬೇಸತ್ತವರಿಗೆ ಇದು ವರವೇ ಆಯಿತು. ಗ್ಯಾರೇಜು, ದನದ ಕೊಟ್ಟಿಗೆ, ಹಿಟ್ಟಿನ ಗಿರಣಿ, ಮಗ್ಗದ ಶೆಡ್ಡು ಎಲ್ಲದರ ಮೇಲೂ ಅದೇ ಕೂತಿತು.

ಹಲಗೆಯಲ್ಲಿ ನೂರಕ್ಕೆ ಹತ್ತರ ಆಸುಪಾಸು ಕಲ್ನಾರು, ಉಳಿದದ್ದು ಸಿಮೆಂಟು, ಹಾರುಬೂದಿ ಮುಂತಾದ್ದು. ಹಲಗೆ ಗಟ್ಟಿಯಾಗಿ, ಒಡೆಯದೆ ಇರುವ ತನಕ ನಾರು ಸಿಮೆಂಟಿನ ಸೆರೆಯಲ್ಲಿ ಇರುತ್ತದೆ. ಆದ್ದರಿಂದ ‘ಏನಾಗ್ತದ್ರಿ, ಮೂವತ್ತು ವರ್ಷದಿಂದ ಇದರ ಕೆಳಗ ಕುಂತೀವಿ’ ಅನ್ನುವವರ ಮಾತು ಪೂರಾ ಸುಳ್ಳಲ್ಲ. ಆದರೆ ಬಿಸಿಲು-ಮಳೆಗೆ ಮೇಲಿನ ಸಿಮೆಂಟು ಸವೆದು ಹೋದಾಗ, ಹಲಗೆ ಒಡೆದಾಗ, ಕೊರೆದಾಗ, ಗರಗಸ ಹಾಕಿದಾಗ ಸೆರೆ ಬಿಚ್ಚುತ್ತದೆ. ಹೊರಬಂದ ಎಳೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ. ಕಣ್ಣಿಗೆ ಕಾಣದು, ವಾಸನೆ ಇಲ್ಲ, ಕೆಮ್ಮೂ ತಕ್ಷಣ ಬಾರದು. ಉಸಿರಿನೊಂದಿಗೆ ಪುಪ್ಪುಸಕ್ಕೆ ಇಳಿದು ಚುಚ್ಚಿಕೊಂಡರೆ ಅದನ್ನು ಕರಗಿಸುವುದು ದೇಹಕ್ಕೆ ಕಷ್ಟ.

ನೂಲುತ್ತಿದ್ದ ಹೆಣ್ಣುಮಗಳು

ರಬಕವಿ-ಬನಹಟ್ಟಿಯ ನೇಕಾರರು ಈ ಕಥೆ ಕೇಳಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ ರಾಚ್‌ಡೇಲ್ ಎಂಬ ಗಿರಣಿಗಳ ಊರು. ಅಲ್ಲಿಯ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು ಎಳೆಯ ವಯಸ್ಸಿನಲ್ಲೇ ಹತ್ತಿ ಗಿರಣಿ ಸೇರಿ, ಆಮೇಲೆ ಕಲ್ನಾರಿನ ಗಿರಣಿಗೆ ಹೋದಳು. ಅಲ್ಲಿ ಹತ್ತಿಯ ಬದಲು ಕಲ್ಲಿನ ನಾರನ್ನು ನೂಲುವುದೇ ಅವಳ ಕೆಲಸ. ಉಸಿರು ಕಟ್ಟತೊಡಗಿತು, ಕೆಲಸ ಬಿಡಬೇಕಾಯಿತು. ಕಂಪನಿ ಪರಿಹಾರ ಕೊಡಲಿಲ್ಲ. 1924ರ ಮಾರ್ಚಿನಲ್ಲಿ ತೀರಿಕೊಂಡಾಗ ಅವಳಿಗೆ ವಯಸ್ಸು 33. ಡಾ. ವಿಲಿಯಂ ಕುಕ್ ಅವಳ ಪುಪ್ಪುಸ ಪರೀಕ್ಷಿಸಿ, ಅದರಲ್ಲಿ ಕಲ್ಲಿನ ಚೂರುಗಳಿದ್ದುದನ್ನು ಅದೇ ವರ್ಷ ವೈದ್ಯ ಪತ್ರಿಕೆಯಲ್ಲಿ ಬರೆದರು. ಆಸ್ಬೆಸ್ಟೋಸಿಸ್ ಎಂಬ ಹೆಸರು ರೂಢಿಗೆ ಬಂದದ್ದು ಅವಳ ದೆಸೆಯಿಂದ. 1931ರಲ್ಲಿ ಬ್ರಿಟನ್ನಿನಲ್ಲಿ ಕಲ್ನಾರಿನ ಧೂಳಿನ ಮೇಲೆ ಕಾಯದೆ ಬಂತು.

ಅದು ಮೊದಲ ಪಾಠ. 1960ರಲ್ಲಿ ದಕ್ಷಿಣ ಆಫ್ರಿಕದಿಂದ ಎರಡನೆಯದು ಬಂತು. ಪುಪ್ಪುಸದ ಹೊದಿಕೆಗೆ ಹತ್ತುವ ಮೀಸೋಥೀಲಿಯೋಮಾ ಎಂಬ ಅಪರೂಪದ ಕ್ಯಾನ್ಸರು ಕಲ್ನಾರಿನ ಗಣಿಗಳ ಸುತ್ತಲಿನವರಿಗೆ ಬಂದದ್ದನ್ನು ಡಾ. ವ್ಯಾಗ್ನರ್ ಮತ್ತು ಸಂಗಡಿಗರು ತೋರಿಸಿದರು. ಗಣಿಯಲ್ಲಿ ದುಡಿದವರಿಗಷ್ಟೇ ಅಲ್ಲ, ಗಣಿಯ ಹತ್ತಿರ ಬರೀ ವಾಸ ಇದ್ದವರಿಗೂ ಬಂದಿತ್ತು. ಮುಂದೆ ಬೇರೆ ದೇಶಗಳಲ್ಲಿ ಗಂಡನ ಕೆಲಸದ ಬಟ್ಟೆ ಒಗೆದ ಹೆಂಡಂದಿರಿಗೂ ರೋಗ ಬಂದದ್ದು ಕಂಡಿತು.

ಮೂರನೆಯದು ಬೀಡಿ-ಸಿಗರೇಟು ಸೇದುವವರಿಗೆ. ಅಮೆರಿಕದ ಕಲ್ನಾರು ಕೆಲಸಗಾರರ ಲೆಕ್ಕ ಹಾಕಿ 1979ರಲ್ಲಿ ಪ್ರಕಟಿಸಿದ ಪ್ರಕಾರ, ಸೇದದ ಸಾಮಾನ್ಯನಿಗಿಂತ ಸೇದದ ಕಲ್ನಾರು ಕೆಲಸಗಾರನಿಗೆ ಪುಪ್ಪುಸದ ಕ್ಯಾನ್ಸರಿನ ಅಪಾಯ ಸುಮಾರು 5 ಪಟ್ಟು. ಸೇದುವ ಕಲ್ನಾರು ಕೆಲಸಗಾರನಿಗೆ 50 ಪಟ್ಟಿನಷ್ಟು. ಎರಡೂ ಕೂಡಿದರೆ ಬೆಂಕಿಗೆ ಎಣ್ಣೆ ಹೊಯ್ದಂತೆ.

ಕಾನೂನು ಏನು ಅನ್ನುತ್ತದೆ?

ಅರವತ್ತಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ಯುರೋಪ್ ಒಕ್ಕೂಟದಲ್ಲಿ 2005ರಿಂದ ಇಲ್ಲ. ಒಂದು ಕಾಲಕ್ಕೆ ಜಗತ್ತಿಗೆಲ್ಲ ಕಲ್ನಾರು ಮಾರುತ್ತಿದ್ದ ಕೆನಡಾ ಕೂಡ 2018ರಲ್ಲಿ ಕೈಬಿಟ್ಟಿತು. ಭಾರತದಲ್ಲಿ ನಿಷೇಧವಿಲ್ಲ. ಹೊಸ ಗಣಿ ಗುತ್ತಿಗೆಗೆ 1986ರಲ್ಲಿ ತಡೆ ಬಿತ್ತು, ಆದರೆ ಬಿಳಿ ಕಲ್ನಾರನ್ನು ರಷ್ಯಾ ಮೊದಲಾದ ಕಡೆಯಿಂದ ತರಿಸಿ ಪತ್ರಾ ಮಾಡುವುದು ನಡೆದೇ ಇದೆ. ಬಿಳಿ ಕಲ್ನಾರು ಸಿಮೆಂಟಿನಲ್ಲಿ ಬಂಧಿಯಾಗಿರುತ್ತದೆ, ಅಪಾಯವಿಲ್ಲ ಎಂಬುದು ತಯಾರಕರ ವಾದ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ ದೊಡ್ಡ ತೀರ್ಪು ಕೊಟ್ಟಿತು. ದುಡಿಯುವವನ ಆರೋಗ್ಯವೂ ಅವನ ಬದುಕುವ ಹಕ್ಕಿನ ಭಾಗ ಎಂದಿತು. ಕಲ್ನಾರು ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು, ರೋಗ ಖಚಿತವಾದವನಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಆಜ್ಞೆ ಮಾಡಿತು. ಪೂರ್ಣ ನಿಷೇಧ ಕೇಳಿದ ಇನ್ನೊಂದು ಅರ್ಜಿಯನ್ನು 2011ರಲ್ಲಿ ಅದೇ ಕೋರ್ಟು ತಳ್ಳಿಹಾಕಿತು.

ಇಲ್ಲೇ ಇರುವುದು ಗುಟ್ಟು. ಕಾರ್ಖಾನೆಯ ಕೆಲಸಗಾರನಿಗೆ ಹಾಜರಿ ಪುಸ್ತಕವಿದೆ. ದಿನಗೂಲಿಗೆ ಬಂದು ಪತ್ರಾ ಒಡೆದು ಹೋದವನ ಹೆಸರು ಯಾವ ಪುಸ್ತಕದಲ್ಲಿದೆ? ಮೂವತ್ತು ವರ್ಷದ ಮೇಲೆ ಅವನು ಉಸಿರಿಗೆ ಬಡಿದಾಡಿದರೆ ‘ಬೀಡಿ ಸೇದಿ ಸೇದಿ ಹಿಂಗಾತು’ ಅನ್ನುತ್ತದೆ ಊರು. ಅಲ್ಲಿಗೆ ಕಡತ ಮುಚ್ಚಿತು.

ಇಳಿಸುವ ರೀತಿ

ಮೊದಲ ಮಾತು: ಪತ್ರಾ ಗಟ್ಟಿಯಿದ್ದರೆ, ಸೀಳಿಲ್ಲದಿದ್ದರೆ ಅವಸರ ಬೇಡ. ಇದ್ದಲ್ಲಿಯೇ ಇರಲಿ. ಪಾಚಿ ತೆಗೆಯುತ್ತೇವೆಂದು ತಂತಿ ಬ್ರಷ್ಷಿನಿಂದ ತಿಕ್ಕುವುದು, ಗಾಡಿ ತೊಳೆಯುವ ಪಂಪಿನ ಜೋರು ನೀರು ಬಿಡುವುದು ಮಾತ್ರ ಬೇಡ. ತೆಗೆಯಲೇಬೇಕಾದಾಗ ಹೀಗೆ.

ಕೆಳಗಿನ ಗಾಡಿ, ಸಾಮಾನು, ಜನ ಎಲ್ಲ ಹೊರಗೆ. ಕರೆಂಟು ಬಂದ್. ಮಕ್ಕಳು ಹತ್ತಿರ ಸುಳಿಯಬಾರದು. ಗಾಳಿ ಜೋರಿದ್ದ ದಿನ ಕೆಲಸ ಬೇಡ. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ತಾಡಪತ್ರಿ ಹಾಸಬೇಕು.

ಪತ್ರಾದ ಮೇಲೆ ನೇರ ಕಾಲಿಡಬಾರದು. ಹಳೇ ಹಲಗೆ ಹಪ್ಪಳದಂತೆ ಮುರಿಯುತ್ತದೆ. ರೋಗ ಮೂವತ್ತು ವರ್ಷಕ್ಕೆ ಬಂದೀತು, ಬಿದ್ದವನ ಸಾವು ಅದೇ ಕ್ಷಣಕ್ಕೆ. ಕೆಳಗಿನಿಂದ ಅಟ್ಟಣಿಗೆ ಕಟ್ಟಿ ಕೆಲಸ ಮಾಡುವುದೇ ಮೇಲು. ಹತ್ತಲೇಬೇಕಾದರೆ ಎರಡು-ಮೂರು ತೊಲೆಗಳ ಮೇಲೆ ಭಾರ ಬೀಳುವಂತೆ ಉದ್ದ ಹಲಗೆ ಹಾಕಿ ಅದರ ಮೇಲೆ ಮಾತ್ರ ನಡೆಯಬೇಕು, ಸೊಂಟಕ್ಕೆ ಬೆಲ್ಟ್ ಇರಬೇಕು.

ಧೂಳಿಗೆ ನೀರೇ ಮದ್ದು. ಒಂದಿಷ್ಟು ಸಾಬೂನು ಕಲಸಿದ ನೀರನ್ನು ಬೆನ್ನಿನ ಪಂಪಿನಿಂದ ಮಂಜಿನ ಹಾಗೆ ಸಿಂಪಡಿಸಿ ಪತ್ರಾ ನೆನೆಸಬೇಕು. ಬೆಳೆಗೆ ವಿಷ ಹೊಡೆದ ಪಂಪು ಬೇಡ. ಬೋಲ್ಟಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರಬೇಕು. ಬಿಚ್ಚದಿದ್ದರೆ ಕಬ್ಬಿಣದ ಕೊಕ್ಕೆಯನ್ನು ಕೈ ಕತ್ತರಿಯಿಂದ ಕತ್ತರಿಸಬೇಕು, ಪತ್ರಾವನ್ನಲ್ಲ. ಗ್ರೈಂಡರು, ಸುತ್ತಿಗೆ ಎರಡೂ ಆ ದಿನ ಪೆಟ್ಟಿಗೆಯಲ್ಲೇ ಇರಲಿ.

ಹಾಕುವಾಗ ಕೊನೆಗೆ ಹಾಕಿದ್ದನ್ನು ತೆಗೆಯುವಾಗ ಮೊದಲು ತೆಗೆಯಬೇಕು. ನೆತ್ತಿಯಿಂದ ಶುರು, ಇಳಿಜಾರಿಗೆ ಕೊನೆ. ಮೂರು ಮೀಟರಿನ ಒಂದು ಹಲಗೆ ನಲವತ್ತು ಕಿಲೋ ಆಸುಪಾಸು ತೂಗುತ್ತದೆ. ಇಪ್ಪತ್ತು ಹಲಗೆಯ ಗ್ಯಾರೇಜು ಎಂದರೆ ಎಂಟು ಕ್ವಿಂಟಲ್! ಮೇಲಿಂದ ಒಗೆಯದೆ, ಮೇಲಿಬ್ಬರು ಕೆಳಗಿಬ್ಬರು ಕೈಯಿಂದ ಕೈಗೆ ಇಡಿಯಾಗಿ ಇಳಿಸಬೇಕು.

ಟವೆಲ್ಲು, ಕರವಸ್ತ್ರ, ಕೊರೋನಾ ಕಾಲದ ನೀಲಿ ಮಾಸ್ಕು ಯಾವುದೂ ಇದಕ್ಕೆ ಸಾಲದು. ಎಫ್‌ಎಫ್‌ಪಿ-3 ಇಲ್ಲವೇ ಪಿ-100 ಗುರುತಿನ ಮಾಸ್ಕು ಬೇಕು, ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಕೂರದು. ಹಾಕಿದ ಬಟ್ಟೆ ಮನೆಗೆ ಒಯ್ಯಬಾರದು. ಒಮ್ಮೆ ಹಾಕಿ ಬಿಸಾಡುವ ಮೇಲಂಗಿ ಸಿಕ್ಕರೆ ಉತ್ತಮ. ಕೆಲಸದ ಮೇಲೆ ಅಲ್ಲೇ ಸ್ನಾನ. ನೆಲಕ್ಕೆ ಒಣ ಕಸಬರಿಗೆ ಬೇಡವೇ ಬೇಡ; ಹಸಿ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಕಸದ ಗಂಟಿಗೇ ಹಾಕಬೇಕು.

ಒಗೆಯೋದು ಎಲ್ಲಿ?

ನಿಜವಾದ ತೊಡಕು ಇಲ್ಲಿದೆ. ಇದು ಸುಟ್ಟರೆ ಸುಡದು, ಹೂತರೆ ಕೊಳೆಯದು. ಬೆಂಕಿಗೆ ಹಾಕಿದರೆ ಪತ್ರಾ ಸಿಡಿಯುತ್ತದೆ. ರಸ್ತೆಯ ತಗ್ಗಿಗೆ ಹಾಕಿದರೆ ಟ್ರ್ಯಾಕ್ಟರಿನ ಗಾಲಿ ಅದನ್ನು ದಿನಾ ಹಿಟ್ಟು ಮಾಡಿ, ಬಸ್ಸಿಗೆ ಕಾಯುವವರ ಮೂಗಿಗೆ ಹಂಚುತ್ತದೆ. ಘಟಪ್ರಭೆಯ ದಂಡೆಗೆ ಒಗೆದದ್ದು ಒಗೆದಲ್ಲೇ ಇರುತ್ತದೆಂಬ ಖಾತ್ರಿಯಿಲ್ಲ. 2019ರ ಮಹಾಪೂರ ಹೊಲಕ್ಕೆ ಏನೇನು ತಂದು ಹಾಕಿತೆಂಬುದನ್ನು ಈ ಭಾಗದ ರೈತರಿಗೆ ಹೇಳಿಕೊಡಬೇಕಿಲ್ಲ. ಒಡೆದ ಪತ್ರಾವನ್ನು ಬಡವನ ಕೊಟ್ಟಿಗೆಗೆ ಅಗ್ಗಕ್ಕೆ ಮಾರುವುದೂ ರೂಢಿ. ಅದು ಅಪಾಯವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಸಿದಂತೆ ಅಷ್ಟೇ.

ಸರಿಯಾದ ರೀತಿ ಎಂದರೆ, ಹಸಿಯಿರುವಾಗಲೇ ಹಲಗೆಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಟೇಪು ಹಚ್ಚಿ, ‘ಕಲ್ನಾರು – ಒಡೆಯಬೇಡಿ’ ಎಂದು ಬರೆದು, ಮುಚ್ಚಿದ ಗಾಡಿಯಲ್ಲಿ ಅಪಾಯಕಾರಿ ಕಸದ ಹೂಳು ಜಾಗಕ್ಕೆ ಕಳಿಸಬೇಕು. ಕಲ್ನಾರಿನ ಕಸ ವಿಲೇವಾರಿಗೆ ಭಾರತೀಯ ಮಾನಕ ಸಂಸ್ಥೆ 1986ರಷ್ಟು ಹಿಂದೆಯೇ ಐಎಸ್ 11768 ಎಂಬ ಸೂಚನೆ ಹೊರಡಿಸಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕಲ್ನಾರು ಕಾರ್ಖಾನೆಗಳ ಕಸ ಸೇರಿದೆ. ಆದರೆ ಇಂಥ ಕಸ ಹೂಳುವ ದೊಡ್ಡ ಘಟಕ ಇರುವುದು ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ. ತಿಮ್ಮಾಪುರದಿಂದ ಅಲ್ಲಿಗೆ ನಾಲ್ಕುನೂರು ಕಿಲೋಮೀಟರಿನ ಮೇಲಾಯಿತು. ಎಂಟು ಕ್ವಿಂಟಲ್ ಹಳೇ ಪತ್ರಾಕ್ಕೆ ಅಷ್ಟು ದೂರದ ಬಾಡಿಗೆ ಯಾವ ಗ್ಯಾರೇಜಿನವ ಕೊಟ್ಟಾನು? ಹೊಸ ಪತ್ರಾಕ್ಕೆ ರೊಕ್ಕ ಹೊಂದಿಸುವುದರಲ್ಲೇ ಅವನು ಹಣ್ಣಾಗಿರುತ್ತಾನೆ.

ಹಾಗೆಂದು ಸುಮ್ಮನೆ ಕೂರುವುದಲ್ಲ. ಇಳಿಸುವ ಮೊದಲೇ ಬಾಗಲಕೋಟೆಯಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ, ಊರಿನ ಪಂಚಾಯತಿ ಇಲ್ಲವೇ ನಗರಸಭೆಗೂ ಒಂದು ಅರ್ಜಿ ಕೊಟ್ಟು, ಎಲ್ಲಿ ಹಾಕಬೇಕೆಂದು ಬರಹದಲ್ಲಿ ಕೇಳಬೇಕು. ಉತ್ತರ ಬರುವ ತನಕ ಸುತ್ತಿದ ಗಂಟನ್ನು ಒಡೆಯದೆ, ಮಕ್ಕಳು-ದನ ಹೋಗದ ಮೂಲೆಯಲ್ಲಿ ನೆರಳಿಗೆ ಇಡಬೇಕು. ಹೊಸದಾಗಿ ಹಾಕುವವರಿಗೆ ಬಣ್ಣದ ತಗಡೂ ಇದೆ, ಕಲ್ನಾರು ಇಲ್ಲದ ಸಿಮೆಂಟ್ ಪತ್ರಾವೂ ಬಂದಿದೆ. ಅಂಗಡಿಯಲ್ಲಿ ಕೇಳಿ, ‘ಕಲ್ನಾರು ಇಲ್ಲ’ ಎಂದು ರಸೀದಿಯ ಮೇಲೆ ಬರೆಸಿಕೊಳ್ಳುವುದು ಜಾಣತನ.

ನಾಯಿ ತಳಿಗೆ ಸಂಶೋಧನಾ ಕೇಂದ್ರ, ಕಬ್ಬಿಗೆ ಸಕ್ಕರೆ ಕಾರ್ಖಾನೆ ಕಂಡ ತಿಮ್ಮಾಪುರಕ್ಕೆ, ಹಳೇ ಪತ್ರಾ ಇಡಲು ಬೇಲಿ ಹಾಕಿದ ಒಂದು ಗುಂಟೆ ಜಾಗ ದೊಡ್ಡದಲ್ಲ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ಕಡೆಯವರು ಕೂಡಿ ತಾಲ್ಲೂಕಿಗೊಂದು ಸಂಗ್ರಹ ಜಾಗ ಮಾಡಿ, ವರ್ಷಕ್ಕೊಮ್ಮೆ ಒಂದೇ ಲಾರಿಯಲ್ಲಿ ಕಳಿಸಿದರೆ ಬಾಡಿಗೆಯೂ ಹಂಚಿ ಹೋಗುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬಂತೆ ಆಗದಿರಲಿ. ಪಾನಾ ಹಿಡಿದು ನಿಂತ ಆ ಹದಿನಾರರ ಹುಡುಗನಿಗೆ ನಲವತ್ತಾರಾಗುವ ತನಕ ಕಾಯದೆ, ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?