ಹೆಸರು ಹೇಳದೆ ಕೂತಿದ್ದ ನಕ್ಷತ್ರ

ನಕ್ಷತ್ರವೊಂದರ ಮಿಡಿತ ನಮ್ಮ ಗೌರಿಬಿದನೂರಿಗೆ ಬಂದು, ಹೆಸರು ಹೇಳದೆ ವರ್ಷಗಟ್ಟಲೆ ಕೂತಿತ್ತು! ಈ ಸಂಗತಿ ತಿಳಿದಂದಿನಿಂದ ಮಾದನಾಯಕನಹಳ್ಳಿಯ ತಾರಸಿಯಲ್ಲಿ ನಿಂತು ಉತ್ತರಕ್ಕೆ ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಗೌರಿಬಿದನೂರಿನ ರೇಡಿಯೊ ದೂರದರ್ಶಕಕ್ಕೆ ಕೊಳವೆಯಿಲ್ಲ, ಮಸೂರವಿಲ್ಲ. ಬಯಲಲ್ಲಿ ಕಂಬ, ಕಂಬದ ಮೇಲೆ ತಂತಿ. ಅಂಥ 1000 ಡೈಪೋಲ್ ಆಂಟೆನಾಗಳು ಇಂಗ್ಲಿಷಿನ ‘ಟಿ’ ಅಕ್ಷರದಂತೆ ಹರಡಿವೆ. ಪೂರ್ವ–ಪಶ್ಚಿಮದ ಸಾಲೊಂದೇ ಸುಮಾರು 1.4 ಕಿ.ಮೀ.! 1970ರ ದಶಕದಲ್ಲಿ ಎದ್ದು ನಿಂತ ಇದು ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳ (ಐಐಎ) ಜಂಟಿ ಕೆಲಸ. ಕಿವಿಗೊಡುವುದು 34.5 ಮೆಗಾಹರ್ಟ್ಸ್‌ಗೆ, ಒಂದೊಂದು ಅಲೆ ಹೆಚ್ಚುಕಡಿಮೆ 9 ಮೀಟರ್ ಉದ್ದ.

2000ದ ನಂತರ ಈ ಹಳೆಯ ತಂತಿಗಳಿಗೆ, ತಾಳಬದ್ಧವಾಗಿ ಮಿಡಿಯುವ ನಕ್ಷತ್ರಗಳಾದ ಪಲ್ಸಾರ್‌ಗಳಿಗೆಂದೇ ರೂಪಿಸಿದ ಡಿಜಿಟಲ್ ರಿಸೀವರ್ ಜೋಡಿಸಿದರು. ಅದು ಸಂಕೇತದ ಸರಾಸರಿಯನ್ನಲ್ಲ, ಸುಮಾರು 1 ಮೆಗಾಹರ್ಟ್ಸ್ ಅಗಲದ ಪಟ್ಟಿಯೊಳಗಿನ ಅಲೆಯ ಏರಿಳಿತವನ್ನೇ ಅಂಕಿಗಳಾಗಿ ಬರೆದಿಟ್ಟುಕೊಂಡಿತು. ಎಲ್ಲ ಪವಾಡವೂ ಇಲ್ಲೇ ಇದೆ.

2008ರಲ್ಲಿ ಫರ್ಮಿ ಉಪಗ್ರಹ ಮೇಲೇರಿತು. ಗಾಮಾ ಕಿರಣ ನೋಡುವ ಅದರ ಕಣ್ಣಿಗೆ ಸೆಕೆಂಡಿಗೆ ಐದು ಸಲ ಮಿಡಿಯುವ ನಕ್ಷತ್ರವೊಂದು ಬಿತ್ತು: ಜೆ1732–3131. ರೇಡಿಯೊದಲ್ಲಿ ಮಾತ್ರ ಅದು ಮೌನಿ. ಆಗ ವಿಜ್ಞಾನಿಗಳಾದ ಯೋಗೇಶ್ ಮಾನ್, ಎಚ್.ಎ. ಅಶ್ವತ್ಥಪ್ಪ, ಅವಿನಾಶ್ ದೇಶಪಾಂಡೆ ಗೌರಿಬಿದನೂರಿನ ಹಳೆಯ ದಾಖಲೆಗಳನ್ನು ತೆರೆದರು.

ಹುಡುಕುವುದು ಸುಲಭವೇ? ಪೀಣ್ಯದ ಸಿಗ್ನಲ್‌ನಲ್ಲಿ ಬೈಕು, ಕಾರು, ಕಂಟೇನರ್ ಲಾರಿ ಒಟ್ಟಿಗೇ ಬಿಟ್ಟರೂ ತುಮಕೂರು ರಸ್ತೆಯಲ್ಲಿ ನಮ್ಮೂರು ಮಾದನಾಯಕನಹಳ್ಳಿ ತಲುಪುವಷ್ಟರಲ್ಲಿ ಉದ್ದ ಸಾಲಾಗಿರುತ್ತವೆ. ಅಂತರಿಕ್ಷದ ಎಲೆಕ್ಟ್ರಾನ್‌ಗಳ ನಡುವೆ ಅಲೆಗಳ ಪಾಡೂ ಅದೇ. ಕಂಪನಾಂಕ ಕಡಿಮೆಯಾದಷ್ಟೂ ತಡ. ಈ ನಕ್ಷತ್ರದ 34.5 ಮೆಗಾಹರ್ಟ್ಸ್ ಅಲೆ ಗಾಮಾ ಕಿರಣಕ್ಕಿಂತ ಸುಮಾರು 54 ಸೆಕೆಂಡು ಹಿಂದೆ! ಆ ಕಿರಿದಾದ ಪಟ್ಟಿಯೊಳಗೇ ತಲೆಗೂ ಬಾಲಕ್ಕೂ 3 ಸೆಕೆಂಡು ಅಂತರ. ಅಷ್ಟರಲ್ಲಿ ಹದಿನೈದು ಮಿಡಿತ ಒಂದರ ಮೇಲೊಂದು ಬಿದ್ದು ಕಲಸಿಹೋಗಿರುತ್ತವೆ. ಅಲೆಯೇ ಅಂಕಿಯಾಗಿ ಉಳಿದಿತ್ತಲ್ಲ, ಹಾಗಾಗಿ ಕಂಪ್ಯೂಟರಿನಲ್ಲಿ ಸಿಕ್ಕು ಬಿಡಿಸಿ, ತಡವಾದದ್ದನ್ನು ಮುಂದಕ್ಕೆಳೆದು, ಫರ್ಮಿ ಹೇಳಿದ ತಾಳಕ್ಕೆ ಸರಿಯಾಗಿ ಮಡಿಚಿ ಮಡಿಚಿ ಕೂಡಿಸಬಹುದಿತ್ತು.

ಕೂಡಿಸಿದರು. ಗದ್ದಲದ ನಡುವಿನಿಂದ ಮಿಡಿತ ತಲೆಯೆತ್ತಿತು!

2012ರ ಪ್ರಬಂಧದಲ್ಲಿ ಅವರು ಇದನ್ನು ‘ಸಿಕ್ಕಿರುವ ಸಾಧ್ಯತೆ’ ಎಂದಷ್ಟೇ ಬರೆದರು. ಆ ಎಚ್ಚರಕ್ಕೆ ನನ್ನ ಗೌರವ ಇನ್ನೂ ಹೆಚ್ಚು. ಅಲೆ ತಡವಾದ ಲೆಕ್ಕದಿಂದಲೇ ನಕ್ಷತ್ರದ ದೂರವನ್ನೂ ಅಂದಾಜಿಸಿದರು: ಸುಮಾರು 2000 ಜ್ಯೋತಿರ್ವರ್ಷ. ಮುಂದೆ ಅದೇ ದಾಖಲೆಗಳಲ್ಲಿ ಇನ್ನಷ್ಟು ಮೌನಿ ಪಲ್ಸಾರ್‌ಗಳ ಹುಡುಕಾಟವೂ ನಡೆಯಿತು.