ರೊಟ್ಟಿಗೆ ಬೆಲೆ ಕಟ್ಟುವ ಲೆಕ್ಕ

ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಖಡಕ್ ರೊಟ್ಟಿ ಮಾಡಿ ಮಾರುವಾಗ ಜೋಳ, ಗಿರಣಿ, ಉರುವಲಿನ ಖರ್ಚು ಸುಲಭವಾಗಿ ಲೆಕ್ಕಕ್ಕೆ ಬರುತ್ತದೆ. ರೊಟ್ಟಿ ಬಡಿದ ಕೈಯ ಕೂಲಿ ಬಿಟ್ಟುಹೋಗುತ್ತದೆ. ಮನೆಯವರ ದುಡಿಮೆ ಪುಕ್ಕಟೆ ಎಂದು ಹಿಡಿದ ದರ, ಒಬ್ಬ ಆಳು ಬಂದ ದಿನವೇ ಸಾಲದಾಗುತ್ತದೆ.

ಒಡಕೂ ಖರ್ಚೇ. ಉದಾಹರಣೆಗೆ, ಕೂಲಿ ಸೇರಿ 100 ರೊಟ್ಟಿಗೆ 500 ರೂಪಾಯಿ ಬಿದ್ದು ಐದು ಮುರಿದರೆ, ಉಳಿದ ಒಂದೊಂದರ ಅಸಲು 5.26 ರೂಪಾಯಿ. ಅಂಗಡಿಯವರು ಮಾರುವ ಬೆಲೆಯ ಮೇಲೆ ಶೇ. 20 ಕಮಿಷನ್ ಹಿಡಿದರೆ, 8 ರೂಪಾಯಿಯ ರೊಟ್ಟಿಯಲ್ಲಿ ಮಾಡಿದವರಿಗೆ ಸಿಗುವುದು 6.40, ಉಳಿತಾಯ 1.14. ಪ್ಯಾಕಿಂಗ್, ಸಾಗಾಟ ಎರಡೂ ಅದರಲ್ಲೇ.

ಸುಗ್ಗಿ ದೂರವಾದಂತೆ ಜೋಳದ ದರ ಏರಬಹುದು. ವಾರವಾರ ರೊಟ್ಟಿಯ ದರ ಬದಲಿಸಿದರೆ ಖಾನಾವಳಿಯವರು ಒಪ್ಪುವುದು ಕಷ್ಟ. ಸುಗ್ಗಿಯಲ್ಲೇ ಜೋಳ ಕೊಂಡಿಟ್ಟು ವರ್ಷಕ್ಕೊಂದೇ ದರ ಹಿಡಿಯುವುದು ಲೇಸು, ಕೈಯಲ್ಲಿ ಅಷ್ಟು ರೊಕ್ಕವಿದ್ದರೆ.