ಅಡುಗೆಮನೆ ಒಡೆಸುವಾಗ ಬೆಲ್ಲ ತಿಂದರೆ ಶ್ವಾಸಕೋಶದ ಧೂಳು ಹೊರಬರುತ್ತದೆಯೇ?

ಮನೆಯಲ್ಲಿ ಟೈಲ್ಸ್, ಗ್ರಾನೈಟ್ ಕೆಲಸ ಶುರುವಾದ ಕೂಡಲೇ ಫ್ಯಾಮಿಲಿ ಗುಂಪಿನಲ್ಲಿ ಯಾರಾದರೂ ಒಬ್ಬರು ಈ ಫಾರ್ವರ್ಡ್ ಹಾಕಿಯೇ ಹಾಕುತ್ತಾರೆ: ರಾತ್ರಿ ಮಲಗುವ ಮುಂಚೆ ಒಂದು ಉಂಡೆ ಬೆಲ್ಲ ತಿನ್ನಿ, ಶ್ವಾಸಕೋಶದಲ್ಲಿ ಕೂತ ಧೂಳೆಲ್ಲ ಹೊರಗೆ ಬರುತ್ತದೆ. ಕೆಳಗೆ ಕೈಮುಗಿದ ಇಮೋಜಿಗಳು. ಅಡುಗೆಮನೆಯನ್ನು ಹೊಸದಾಗಿ ಮಾಡಿಸುತ್ತಾ ಅದೇ ಮನೆಯಲ್ಲಿ ವಾಸ ಮುಂದುವರಿಸುವವರಿಗೆ ಇದು ಸುಲಭದ ಪರಿಹಾರದಂತೆ ಕಾಣುತ್ತದೆ. ಆದ್ದರಿಂದಲೇ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲಿಗೆ ಒಂದು ಸರಳ ವಿಷಯ. ನಾವು ತಿಂದದ್ದು ಅನ್ನನಾಳದಲ್ಲಿ ಇಳಿದು ಹೊಟ್ಟೆಗೆ ಹೋಗುತ್ತದೆ. ಉಸಿರಿನ ಜೊತೆ ಹೋದ ಧೂಳು ಶ್ವಾಸನಾಳದಲ್ಲಿ ಇಳಿದು ಶ್ವಾಸಕೋಶಕ್ಕೆ ಹೋಗುತ್ತದೆ. ಬೆಲ್ಲಕ್ಕೂ ಧೂಳಿಗೂ ದಾರಿಯಲ್ಲಿ ಭೇಟಿಯೇ ಆಗುವುದಿಲ್ಲ. ಊಟದಲ್ಲಿ ಕೂದಲು ನುಂಗಿದರೆ ಬಾಳೆಹಣ್ಣು ತಿನ್ನು ಅನ್ನುತ್ತಾರಲ್ಲ, ಅಲ್ಲಿ ಕನಿಷ್ಠ ಎರಡೂ ಹೋಗಿ ಸೇರುವುದು ಒಂದೇ ಹೊಟ್ಟೆಗೆ!

ಹಾಗಾದರೆ ಇದು ಪೂರ್ತಿ ಕಟ್ಟುಕಥೆಯೇ? ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಧೂಳಿನಲ್ಲಿ ದುಡಿಯುವವರಿಗೆ ಬೆಲ್ಲ ಕೊಡುವ ರೂಢಿ ನಮ್ಮ ದೇಶದ ಅನೇಕ ಕಾರ್ಖಾನೆಗಳಲ್ಲಿ ಇದೆ. ಅದನ್ನು ಪರೀಕ್ಷಿಸಲು ಲಖನೌದ ಕೈಗಾರಿಕಾ ವಿಷಶಾಸ್ತ್ರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ 1994ರಲ್ಲಿ ಪ್ರಕಟಿಸಿದರು. ಇಲಿಗಳ ಶ್ವಾಸಕೋಶಕ್ಕೆ ಕಲ್ಲಿದ್ದಲು ಮತ್ತು ಸಿಲಿಕಾ ಧೂಳನ್ನು ಸೇರಿಸಿ, ಕೆಲವಕ್ಕೆ ಬೆಲ್ಲ ಕೊಟ್ಟು ನೋಡಿದರು. ಬೆಲ್ಲ ಪಡೆದ ಇಲಿಗಳಲ್ಲಿ ಧೂಳಿನ ಕಣಗಳು ಶ್ವಾಸಕೋಶದಿಂದ ಹೆಚ್ಚಾಗಿ ಆಚೆ ಸಾಗಿದ್ದು ಕಂಡಿತು. ಫಾರ್ವರ್ಡ್‌ಗಳಲ್ಲಿ 'ವಿಜ್ಞಾನಿಗಳೇ ಒಪ್ಪಿದ್ದಾರೆ' ಎಂದು ಬರುವುದು ಇದನ್ನೇ ಹಿಡಿದು. ಆದರೆ ಅದು ಇಲಿಗಳ ಮೇಲೆ ನಡೆದ ಒಂದು ಪ್ರಯೋಗ. ಅದರಿಂದ ಮನುಷ್ಯರ ಶ್ವಾಸಕೋಶವೂ ಹೀಗೆಯೇ ಸ್ವಚ್ಛವಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಬೆಲ್ಲ ತಿನ್ನಬೇಡಿ ಎಂದು ನಾವು ಹೇಳುತ್ತಿಲ್ಲ (ಸಕ್ಕರೆ ಕಾಯಿಲೆ ಇದ್ದವರು ಬಿಡಿ). ಬೆಲ್ಲ ತಿಂದೆವಲ್ಲ ಎಂಬ ಧೈರ್ಯದಲ್ಲಿ ಧೂಳಿನ ನಡುವೆ ಕೂರಬೇಡಿ ಎನ್ನುತ್ತಿದ್ದೇವೆ.

ಕಣ್ಣಿಗೆ ಕಾಣದ ಧೂಳು

ಹಳೆಯ ಕಟ್ಟೆ ಒಡೆಯುವಾಗ ಏಳುವ ಬಿಳಿ ಮೋಡ ನೋಡಿ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಮೋಡ ಇಳಿಯುತ್ತದೆ, ಧೂಳು ಹೋಯಿತು ಎಂದುಕೊಂಡು ಬಟ್ಟೆ ತೆಗೆಯುತ್ತಾರೆ. ನಿಜವಾದ ತೊಂದರೆ ಇರುವುದು ಆಮೇಲೆ. ಇಳಿದದ್ದು ದಪ್ಪ ಕಣಗಳು. ಅವು ಉಸಿರಿನಲ್ಲಿ ಹೋದರೂ ಮೂಗು, ಗಂಟಲಿನ ಲೋಳೆಗೆ ಅಂಟಿಕೊಂಡು ಕೆಮ್ಮು, ಸೀನಿನ ಜೊತೆ ಬಹುಪಾಲು ಹೊರಬರುತ್ತವೆ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕ ಕಣಗಳು ಕಣ್ಣಿಗೆ ಕಾಣುವುದೇ ಇಲ್ಲ. ಅವು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ, ಅವುಗಳಲ್ಲಿ ತೀರಾ ಸಣ್ಣವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ.

ಗ್ರಾನೈಟ್, ಟೈಲ್ಸ್, ಸಿಮೆಂಟ್, ಇಟ್ಟಿಗೆ ಎಲ್ಲದರಲ್ಲೂ ಸಿಲಿಕಾ ಇದೆ. ಗ್ರಾನೈಟ್‌ನಲ್ಲಿ ಸುಮಾರು ಮೂರನೇ ಒಂದು ಭಾಗ. ಈಗ ಮಾಡ್ಯುಲರ್ ಕಿಚನ್‌ಗೆ ಹಾಕಿಸುವ ಕ್ವಾರ್ಟ್ಜ್ ಎಂಬ ಕೃತಕ ಕಲ್ಲಿನಲ್ಲಿ ಸಾಮಾನ್ಯವಾಗಿ ಶೇಕಡ 90ರಷ್ಟು. ಗಾಳಿಚೀಲಕ್ಕೆ ಬಂದ ಕಣವನ್ನು ನುಂಗಿ ತೆಗೆಯುವ ರಕ್ಷಕ ಕೋಶಗಳು ನಮ್ಮಲ್ಲಿವೆ. ಆದರೆ ಸಿಲಿಕಾ ಆ ಕೋಶವನ್ನೇ ಕೊಲ್ಲುತ್ತದೆ. ಸತ್ತ ಜಾಗದಲ್ಲಿ ಗಾಯ, ಗಾಯದ ಜಾಗದಲ್ಲಿ ಗಟ್ಟಿ ಕಲೆ. ವರ್ಷಾನುಗಟ್ಟಲೆ ಹೀಗೇ ನಡೆದರೆ ಅದು ಸಿಲಿಕೋಸಿಸ್. ಕೋಲಾರ ಚಿನ್ನದ ಗಣಿಯ ಕಾರ್ಮಿಕರನ್ನು ಕಾಡಿದ ಕಾಯಿಲೆ ಇದೇ. ಗಣಿ 2001ರಲ್ಲಿ ಮುಚ್ಚಿತು, ಆದರೆ ಒಮ್ಮೆ ಬಂದ ಸಿಲಿಕೋಸಿಸ್ ಗುಣವಾಗುವುದಿಲ್ಲ. ಕೃತಕ ಕಲ್ಲು ಕತ್ತರಿಸುವ ಯುವಕರಲ್ಲಿ ಇದು ಕಾಣಿಸಿಕೊಂಡ ಮೇಲೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿದೆ.

ಹೆದರಿಸಲು ಹೇಳುತ್ತಿಲ್ಲ. ಒಂದು ವಾರ ಕೆಲಸ ನಡೆದ ಮನೆಯವರಿಗೆ ಸಿಲಿಕೋಸಿಸ್ ಬರುವ ಸಾಧ್ಯತೆ ತೀರಾ ಕಡಿಮೆ. ಮನೆಯವರಿಗೆ ಆಗುವುದು ಬೇರೆ: ಅಸ್ತಮಾ ಇರುವ ಅಜ್ಜಿಗೆ ರಾತ್ರಿ ಉಸಿರು ಕಟ್ಟುತ್ತದೆ, ಮಗುವಿನ ಕೆಮ್ಮು ನಿಲ್ಲುವುದಿಲ್ಲ. ಸಿಲಿಕೋಸಿಸ್‌ನ ಅಪಾಯ ಇರುವುದು ದಿನಕ್ಕೊಂದು ಮನೆಯಲ್ಲಿ ಕಟ್ಟರ್ ಹಿಡಿಯುವ ಆ ಹುಡುಗನಿಗೆ. ಬೆಲ್ಲದ ಫಾರ್ವರ್ಡ್‌ಗಳಲ್ಲಿ ಅವನ ಸುದ್ದಿಯೇ ಇರುವುದಿಲ್ಲ.

ಮೂಗಿಗೆ ಒದ್ದೆ ಟವೆಲ್ ಕಟ್ಟಿದರೆ ದಪ್ಪ ಧೂಳು ನಿಲ್ಲುತ್ತದೆ, ಸಣ್ಣದು ಬದಿಯಿಂದ ನುಗ್ಗುತ್ತದೆ. ಸರ್ಜಿಕಲ್ ಮಾಸ್ಕ್‌ನದೂ ಹೆಚ್ಚುಕಡಿಮೆ ಇದೇ ಕಥೆ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾತ್ರ ಈ ಕೆಲಸಕ್ಕೆ ಆಗುತ್ತದೆ. ಕೋವಿಡ್ ಕಾಲದಲ್ಲಿ ಬೇಡ ಎನ್ನುತ್ತಿದ್ದ ವಾಲ್ವ್ ಇರುವ ಮಾಸ್ಕ್ ಧೂಳಿಗಾದರೆ ಪರವಾಗಿಲ್ಲ, ಏಕೆಂದರೆ ಇಲ್ಲಿ ತಡೆಯಬೇಕಾದ್ದು ಒಳಗೆ ಹೋಗುವ ಗಾಳಿಯಲ್ಲಿನ ಧೂಳನ್ನು.

ಧೂಳಿನ ದಿನಗಳನ್ನು ಒಟ್ಟಿಗೆ ಹಾಕಿ

ಅಡುಗೆಮನೆ ಕೆಲಸ ಒಂದು ತಿಂಗಳು ಎಳೆದರೂ ಹೆಚ್ಚು ಧೂಳು ಬರುವುದು ನಾಲ್ಕೇ ಕೆಲಸಗಳಲ್ಲಿ: ಹಳೆಯದನ್ನು ಒಡೆಯುವುದು, ಪೈಪು-ವೈರಿಗೆ ಗೋಡೆ ಕೊರೆಯುವುದು, ಕಲ್ಲು-ಟೈಲ್ಸ್ ಕತ್ತರಿಸುವುದು, ಕೊನೆಗೆ ಗೋಡೆಯ ಪುಟ್ಟಿ ಉಜ್ಜುವುದು. ತಿಂಗಳಿಡೀ ಮನೆ ಬಿಟ್ಟಿರಲು ಯಾರಿಗೂ ಆಗುವುದಿಲ್ಲ. ಆದರೆ ಈ ದಿನಗಳನ್ನು ಮೇಸ್ತ್ರಿಯ ಹತ್ತಿರ ಮೊದಲೇ ಕೂತು ಗುರುತು ಹಾಕಿಸಿಕೊಂಡರೆ ಅಷ್ಟು ದಿನ ಅಜ್ಜಿಯನ್ನೂ ಮಗುವನ್ನೂ ನೆಂಟರ ಮನೆಗೆ ಕಳಿಸಬಹುದು. ಒಡೆಯುವುದು, ಕೊರೆಯುವುದು ಎರಡನ್ನೂ ಬೆನ್ನುಬೆನ್ನಿಗೆ ಮುಗಿಸಿ ಎಂದು ಹೇಳಿ. 'ನೋಡೋಣ ಸಾರ್, ಹಂಗೇ ಆಗ್ತದೆ' ಎಂಬ ಉತ್ತರ ಬಂದರೆ ಇನ್ನೊಮ್ಮೆ ಹೇಳಿ.

ಕಲ್ಲಿನ ವಿಷಯದಲ್ಲಂತೂ ಒಂದು ನಿರ್ಧಾರದಿಂದ ಅರ್ಧ ಧೂಳು ಮನೆಗೇ ಬರುವುದಿಲ್ಲ. ಅಳತೆ ಕೊಟ್ಟು ಸ್ಲ್ಯಾಬನ್ನು ಕಲ್ಲಿನ ಅಂಗಡಿಯಲ್ಲೇ ಕತ್ತರಿಸಿ, ಸಿಂಕಿನ ಜಾಗ, ಒಲೆಯ ಜಾಗ ಕೊರೆಸಿ, ಅಂಚಿನ ಮೋಲ್ಡಿಂಗ್ ಕೂಡ ಅಲ್ಲೇ ಮಾಡಿಸಿ. ಮನೆಯೊಳಗೆ ಒಣಗಿದ ಕಲ್ಲಿನ ಅಂಚು ಉಜ್ಜುವಷ್ಟು ಧೂಳು ಬೇರೆ ಯಾವ ಕೆಲಸದಲ್ಲೂ ಏಳುವುದಿಲ್ಲ. ಸಣ್ಣಪುಟ್ಟ ಕತ್ತರಿಕೆ ಮನೆಯಲ್ಲೇ ಆಗಬೇಕಿದ್ದರೆ ಮನೆಯ ಹೊರಗೆ, ನೀರು ಬಿಡುತ್ತಾ ಮಾಡಿಸಿ. ನೀರಿದ್ದರೆ ಧೂಳು ಕೆಸರಾಗಿ ಕೆಳಗೆ ಬೀಳುತ್ತದೆ. ನೀರು, ಕರೆಂಟು ಒಟ್ಟಿಗೆ ಇರುವುದರಿಂದ ಕಟ್ಟರ್‌ನ ಪ್ಲಗ್ಗು ಅರ್ತಿಂಗ್ ಇರುವ ಮೂರು ಪಿನ್ನಿನದಾಗಿರಲಿ, ಮನೆಯ ಲೈನಿಗೆ ಆರ್‌ಸಿಸಿಬಿ ಇರಲಿ. ಕತ್ತರಿಸುವವನಿಗೆ ಒಂದು ಎನ್95 ತಂದುಕೊಡಿ. ಟೀ ಕೊಡುತ್ತೇವಲ್ಲ, ಅದರ ಜೊತೆಗೆ.

ಅಡುಗೆಮನೆಗೆ ಬಾಗಿಲಿಲ್ಲದೆ ಬರೀ ಕಮಾನು ಇದ್ದರೆ ದಪ್ಪ ಪ್ಲಾಸ್ಟಿಕ್ ಶೀಟನ್ನು ಸೂರಿನಿಂದ ನೆಲದವರೆಗೆ ಟೇಪ್ ಹಾಕಿ ಅಂಟಿಸಿ. ಒಳಗಿನ ಕಿಟಕಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಅಥವಾ ಹೊರಮುಖ ಮಾಡಿಟ್ಟ ಟೇಬಲ್ ಫ್ಯಾನ್ ಓಡುತ್ತಿರಲಿ. ಆಗ ಗಾಳಿ ಹಾಲಿನಿಂದ ಅಡುಗೆಮನೆಗೆ, ಅಲ್ಲಿಂದ ಆಚೆಗೆ ಹೋಗುತ್ತದೆ. ಹೊಸ್ತಿಲಲ್ಲಿ ಒದ್ದೆ ಗೋಣಿಚೀಲ ಹಾಕಿ, ಕಾಲಿನ ಧೂಳು ಅಲ್ಲೇ ಉಳಿಯುತ್ತದೆ. ಹಾಲಿನ ಸೀಲಿಂಗ್ ಫ್ಯಾನ್, ಎಸಿ ಆ ಹೊತ್ತಿಗೆ ಆಫ್ ಇರಲಿ. ಸಂಜೆ ಪೊರಕೆ ಹಿಡಿದು ಗುಡಿಸಿದರೆ ಇಳಿದ ಧೂಳನ್ನೆಲ್ಲ ಮತ್ತೆ ಎಬ್ಬಿಸಿದಂತೆ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಕೂಡ ಸಣ್ಣ ಕಣವನ್ನು ಹಿಂದಿನಿಂದ ಹೊರಗೆ ಬಿಡುತ್ತದೆ, ಹೆಪಾ ಫಿಲ್ಟರ್ ಇರುವುದಾದರೆ ಸರಿ.

ಹಳೆಯ ಬಣ್ಣ ಕೆರೆಯುವಾಗ

ಬಸುರಿ ಇರುವ ಮನೆಯಲ್ಲಿ ಒಡೆಯುವ, ಕಟ್ಟುವ ಕೆಲಸ ಮಾಡಿಸಬಾರದು ಎಂದು ಹಿರಿಯರು ಹೇಳುವುದುಂಟು. ಅವರ ಕಾರಣ ಏನೇ ಇರಲಿ, ಇಂದಿಗೆ ಒಂದು ಗಟ್ಟಿ ಕಾರಣವಿದೆ: ಸೀಸ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ 2016ರಲ್ಲಿ ಬಂದು, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಮುಂಚೆ ಕಿಟಕಿ, ಬಾಗಿಲು, ಗ್ರಿಲ್ಲಿಗೆ ಬಳಿದ ಎನಾಮಲ್ ಬಣ್ಣದಲ್ಲಿ ಅದಕ್ಕಿಂತ ಬಹಳ ಹೆಚ್ಚು ಸೀಸ ಇರಬಹುದು. ಒಣಗಿದ ಬಣ್ಣವನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರೆ ಅದು ಧೂಳಾಗಿ ನೆಲಕ್ಕೆ ಬೀಳುತ್ತದೆ, ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸ ಹಾನಿಕರ, ತಾಯಿಯ ರಕ್ತದಿಂದ ಗರ್ಭದ ಶಿಶುವಿಗೂ ದಾಟುತ್ತದೆ. ಹಳೆಯ ಎನಾಮಲ್ ಅನ್ನು ಒದ್ದೆ ಮಾಡಿಯೇ ಕೆರೆಯಬೇಕು. ಆ ದಿನ ಬಸುರಿಯರೂ ಮಕ್ಕಳೂ ಮನೆಯಲ್ಲಿ ಇರಬಾರದು.

ಹೊಸ ಬಣ್ಣದ ವಾಸನೆಗೆ ಕತ್ತರಿಸಿದ ಈರುಳ್ಳಿಯನ್ನು ಮೂಲೆಯಲ್ಲಿ ಇಡಿ, ಅದು ವಿಷವನ್ನೆಲ್ಲ ಹೀರುತ್ತದೆ ಎಂಬುದು ಇನ್ನೊಂದು ಫಾರ್ವರ್ಡ್. ಅದಕ್ಕೆ ಆಧಾರವಿಲ್ಲ. ಈರುಳ್ಳಿ ತನ್ನ ವಾಸನೆಯನ್ನು ಸೇರಿಸುತ್ತದೆ ಅಷ್ಟೇ. ಬಣ್ಣದ ಆವಿ ಹೋಗಲು ತೆರೆದ ಕಿಟಕಿ ಬೇಕು. ಹೊಸ ಪ್ಲೈವುಡ್ ಕಪಾಟಿನ ಕಣ್ಣುರಿಸುವ ವಾಸನೆಗೂ ಅದೇ ಮದ್ದು. ಆ ವಾಸನೆಗೆ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಒಂದು ಕಾರಣ, ಕೊಳ್ಳುವಾಗ ಇ0 ಅಥವಾ ಇ1 ದರ್ಜೆ ಕೇಳಿದರೆ ಅದು ಕಡಿಮೆ ಇರುತ್ತದೆ.

ಅಲ್ಲಿಯವರೆಗೆ ಅಡುಗೆ ಎಲ್ಲಿ?

ಇಲ್ಲಿಯೇ ಹೆಚ್ಚಿನವರು ಎಡವುವುದು. ಧೂಳಿಗೆ ಹೆದರಿ ಸಿಲಿಂಡರನ್ನು ಬೆಡ್‌ರೂಮಿಗೆ ತಂದು, ಕಿಟಕಿ ಮುಚ್ಚಿ ಒಲೆ ಹಚ್ಚುತ್ತಾರೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲದಲ್ಲಿ, ಮಂಚದ ಕೆಳಗೆ ಹರಡಿ ನಿಲ್ಲುತ್ತದೆ. ಹಾಗಾಗಿ ತಾತ್ಕಾಲಿಕ ಒಲೆಗೆ ಗಾಳಿಯಾಡುವ ಬಾಲ್ಕನಿ ಪಕ್ಕದ ಹಾಲು ಅಥವಾ ವರಾಂಡವೇ ವಾಸಿ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದ ಗಟ್ಟಿ ಮೇಜಿನ ಮೇಲೆ ಇರಬೇಕು. ನೆಲದ ಮೇಲೆ ಒಲೆ ಬೇಡ. ಪೈಪಿನ ಮೂಲಕ ಗ್ಯಾಸ್ ಬರುವ ಅಪಾರ್ಟ್‌ಮೆಂಟುಗಳಲ್ಲಿ ಲೆಕ್ಕ ಉಲ್ಟಾ, ಆ ಅನಿಲ ಹಗುರ, ಸೂರಿನ ಕಡೆಗೆ ಏರುತ್ತದೆ. ಆ ಪೈಪನ್ನು ಮೇಸ್ತ್ರಿಯಾಗಲಿ ಪ್ಲಂಬರ್ ಆಗಲಿ ಮುಟ್ಟಬಾರದು, ಗ್ಯಾಸ್ ಕಂಪನಿಯವರನ್ನೇ ಕರೆಸಬೇಕು.

ಗ್ಯಾಸ್ ಸಹವಾಸವೇ ಬೇಡ ಎಂದು ಇಂಡಕ್ಷನ್ ಒಲೆ ತರುವುದು ಒಳ್ಳೆಯ ಯೋಚನೆ. ಆದರೆ ಒಂದು ಲೆಕ್ಕ ಮಾಡಿ. 2000 ವ್ಯಾಟಿನ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಹಾಲಿನಲ್ಲಿ ಟಿವಿ, ಚಾರ್ಜರ್‌ಗೆ ಇರುವ ಚಿಕ್ಕ ಸಾಕೆಟ್ ತಾಳುವುದು 6 ಆಂಪಿಯರ್. ಅದಕ್ಕೆ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿ, ಅದರಲ್ಲೇ ಮಿಕ್ಸಿ, ಫ್ರಿಡ್ಜ್ ಕೂಡ ಸಿಕ್ಕಿಸಿದರೆ ವೈರು ಬಿಸಿಯಾಗಿ ಕರಗುತ್ತದೆ. ಎಸಿ, ಗೀಸರ್‌ಗೆ ಇರುವ ದೊಡ್ಡ 16 ಆಂಪಿಯರ್ ಸಾಕೆಟ್ ಎಲ್ಲಿದೆಯೋ ತಾತ್ಕಾಲಿಕ ಅಡುಗೆಮನೆ ಅಲ್ಲಿಗೆ ಹೋಗಲಿ. ಬಚ್ಚಲುಮನೆಯ ಗೀಸರ್ ಪಾಯಿಂಟಿನಿಂದ ವೈರು ಎಳೆಯುವ ಜಾಣತನ ಮಾತ್ರ ಬೇಡ.

ಕೆಲಸ ಮುಗಿದು ಸಿಲಿಂಡರ್ ಮತ್ತೆ ಅಡುಗೆಮನೆಗೆ ಹೋಗುವ ದಿನ ರಬ್ಬರ್ ಪೈಪನ್ನು ಒಮ್ಮೆ ನೋಡಿ. ಸುರಕ್ಷಾ ಪೈಪಿನ ಆಯುಸ್ಸು ಐದು ವರ್ಷ, ತಯಾರಾದ ಇಸವಿ ಅದರ ಮೇಲೆಯೇ ಅಚ್ಚಾಗಿರುತ್ತದೆ. ಜೋಡಿಸಿದ ಮೇಲೆ ಸೋಪಿನ ನೊರೆಯನ್ನು ಸಂದಿಗಳಿಗೆ ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಿ. ಬೆಂಕಿಕಡ್ಡಿ ಗೀರಿ ನೋಡಬೇಡಿ. ಗುಳ್ಳೆ ಎದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಸ್ವಿಚ್ ಯಾವುದನ್ನೂ ಮುಟ್ಟದೆ ಬಾಗಿಲು-ಕಿಟಕಿ ತೆರೆದು ಹೊರಗೆ ಬನ್ನಿ, ಅಲ್ಲಿಂದ 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆಂದೇ ಇರುವ ಸಹಾಯವಾಣಿ ಅದು.